ಸಾಲಿನ ಇನ್ನೊಂದು ತುದಿ

ಮಾರ್ಚ್ 2

ಮಾನ್ಯ ಸಹ ಓದುಗರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯ ಇಲ್ಲ. ಪತ್ರಿಕೆಯ ವಿಜ್ಞಾನ ಮತ್ತು ಅದ್ಭುತ ಕಥೆಗಳ ಬಹುಮಾನಕ್ಕೆ ಪ್ರತಿ ವರ್ಷ ನಿಮ್ಮ ಜೋಡಿಯಾಗಿ ಕಥೆ ಓದುತ್ತಿದ್ದ ಹುಡುಗಿಯ ತಂದೆ ನಾನು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಅವಳು ನವೆಂಬರಿನಲ್ಲಿ ತೀರಿಕೊಂಡಳು. ಜ್ವರ ಬಂತು. ಆಸ್ಪತ್ರೆಗೆ ನಡೆದೇ ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಅಪ್ಪ, ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ, ನೋಡ್ಕೊಳ್ಳಿ" ಎಂದು ಹೇಳಿ ಒಳಗೆ ಹೋದಳು. ಚಪ್ಪಲಿ ನೋಡಿಕೊಂಡೆ.

ಕಳೆದ ವಾರ ಅವಳ ಹೆಸರಿಗೆ ಕಟ್ಟು ಬಂತು. ಕೊನೆಯ ಸುತ್ತಿಗೆ ಉಳಿದ ಐದು ಕಥೆಗಳು. ವಾಪಸ್ ಕಳಿಸುತ್ತೇನೆಂದು ಸಂಪಾದಕರಿಗೆ ಬರೆದೆ. "ಅವಳ ಬದಲು ನೀವು ಓದಿ. ಇದೊಂದು ವರ್ಷ ಪತ್ರಿಕೆಯಲ್ಲಿ ಅವಳ ಹೆಸರೇ ಇರಲಿ" ಎಂದು ಉತ್ತರ ಬಂತು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಅವತ್ತಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅವಳ ಹೆಸರು ಅಚ್ಚಾಗುವುದು ಇದೇ ಕೊನೆ. ಅದರ ಕೆಳಗೆ ಏನಿರುತ್ತದೋ ಅದನ್ನು ಜನ ಅವಳ ಮಾತು ಎಂದೇ ಓದುತ್ತಾರೆ.

ನಾನು ಓದಿದ್ದು ಹತ್ತನೇ ತರಗತಿವರೆಗೆ. ಬೇರೆ ಗ್ರಹ, ಮಾಯದ ಬಾಗಿಲು ಎಂದೆಲ್ಲ ಅವಳು ಊಟದ ಹೊತ್ತಿನಲ್ಲಿ ಹೇಳುತ್ತಿದ್ದುದನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನು. ಹೇಗೆ ಮಾಡಬೇಕೆಂದು ದಯವಿಟ್ಟು ತಿಳಿಸಿ.

ಇಂತಿ,
ಹುಡುಗಿಯ ತಂದೆ


ಮಾರ್ಚ್ 9

ಮಾಸ್ಟರ್ ಅವರಿಗೆ ನಮಸ್ಕಾರ.

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಅವಳು ನಿಮ್ಮನ್ನು "ಅಪ್ಪ" ಅಂದದ್ದನ್ನು ನಾನು ಕೇಳಿಯೇ ಇಲ್ಲ. "ನಮ್ಮ ಮಾಸ್ಟರ್ ಇವತ್ತು ಮೂಗಿನ ಮೇಲೆ ಚಾಕ್‌ಪೀಸ್ ಗೆರೆ ಇಟ್ಕೊಂಡೇ ಬಸ್ಸಲ್ಲಿ ಬಂದಿದಾರೆ ಕಣೇ" ಎನ್ನುತ್ತಿದ್ದಳು. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅದಕ್ಕೇ ನನಗೆ ಸೂಜಿ ಎಂದು ಹೆಸರಿಟ್ಟಿದ್ದಳು. ನಾನು ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದೆ. ಹುಟ್ಟಿದಾಗ ಅವಳ ಅಳು ಕೇಳಿ ನೀವೇ ಇಟ್ಟ ಹೆಸರಂತಲ್ಲ.

ಸುದ್ದಿಯನ್ನು ಸಂಪಾದಕರು ಡಿಸೆಂಬರಿನಲ್ಲಿ ತಿಳಿಸಿದರು. ನಿಮಗೆ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಯಾರದೋ ರಿಪೋರ್ಟ್ ಬಾಕಿ ಇದೆ ಎಂದು ಎದ್ದು ಹೋದೆ. ಬಾಕಿ ಇರುತ್ತಿರಲಿಲ್ಲ.

ಈಗ ಕೆಲಸದ ಮಾತು. ವರ್ಷವಿಡೀ ಪತ್ರಿಕೆಯಲ್ಲಿ ಬಂದವುಗಳಲ್ಲಿ ಆರಿಸಿದ ಇದೇ ಐದು ಕಥೆಗಳು ಎಲ್ಲ ಜೋಡಿಗಳಿಗೂ. ಪ್ರತಿ ಜೋಡಿಯೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಅವನ್ನು ಸಾಲು ಹಚ್ಚಿ ಕಳಿಸುತ್ತದೆ. ಎಲ್ಲವನ್ನೂ ಕೂಡಿಸಿ ಬಹುಮಾನ ಯಾರಿಗೆಂದು ಅವರು ನೋಡುತ್ತಾರೆ. ಆದರೆ ಯಾವ ಜೋಡಿ ಹೇಗೆ ಸಾಲು ಹಚ್ಚಿತು ಎಂಬುದು ಹೆಸರಿನ ಸಮೇತ ಅಚ್ಚಾಗುತ್ತದೆ. ತೀರ್ಮಾನ ಆಗುವವರೆಗೆ ಜೋಡಿಯವರು ಫೋನಿನಲ್ಲಿ ಮಾತಾಡುವ ಹಾಗಿಲ್ಲ. ದನಿ ಜೋರಿದ್ದವರು ಗೆಲ್ಲಬಾರದಂತೆ. ಜಗಳ ಏನಿದ್ದರೂ ಪತ್ರದಲ್ಲೇ. ಒಪ್ಪಂದವಾದ ಮೇಲೆ ಫಾರಂ ತುಂಬಿ, ಇಬ್ಬರೂ ಸಹಿ ಹಾಕಿ, ಮೇ ಐದರೊಳಗೆ ತಲುಪಿಸಬೇಕು. ಫಾರಂ ತುಂಬುವುದು ಯಾವಾಗಲೂ ನಾನೇ. ಪಿಟೀಲಿನ ಅಕ್ಷರ ಅವಳಿಗೇ ಓದಲು ಬರುತ್ತಿರಲಿಲ್ಲ.

ನೀವು ನಿಧಾನವಾಗಿ ಓದಿ. ಅವಳೂ ನಾನೂ ಮಾಡುತ್ತಿದ್ದ ಹಾಗೆಯೇ ಮಾಡಿಕೊಂಡು ಹೋಗೋಣ.

ಸೂಜಿ


ಮಾರ್ಚ್ 17

ಸೂಜಿಯಮ್ಮನಿಗೆ ನಮಸ್ಕಾರ.

ಹೆಸರು ಚೆನ್ನಾಗಿದೆ. ಒಂದು ಲೆಕ್ಕದಲ್ಲಿ ನಾನೂ ಸೂಜಿಯ ಕಡೆಯವನೇ.

ಮನೆಯಲ್ಲಿ ಓದಲು ಆಗಲಿಲ್ಲ. ಅವಳ ಮೇಜಿನ ಮುಂದೆ ಕೂತರೆ ಮನೆಯವಳು ಬಾಗಿಲಿಗೆ ಬಂದು ನೋಡಿ ಹೋಗುತ್ತಾಳೆ. ಏನೂ ಅನ್ನುವುದಿಲ್ಲ. ಈಚೆಗೆ ನಾವಿಬ್ಬರೂ ಒಬ್ಬರಿಗೊಬ್ಬರು ಏನೂ ಅನ್ನುವುದಿಲ್ಲ. ಉಪ್ಪು ಜಾಸ್ತಿಯಾದರೂ ಊಟ ಮಾಡುತ್ತೇನೆ. ಅದಕ್ಕೇ ಕಥೆಗಳನ್ನು ಕಾರ್ಖಾನೆಗೆ ಒಯ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಬಟ್ಟೆಯ ಥಾನಿನ ಮೇಲೆ ಕೂತು ಓದಿದೆ. ಗುಂಡಿ ಹಚ್ಚುವವನು ಬಿಡಬೇಕಲ್ಲ.

"ಏನ್ ಮಾಸ್ಟ್ರೇ, ಈ ವಯಸ್ಸಲ್ಲಿ ಪರೀಕ್ಷೆಗೆ ಕಟ್ಟಿದೀರಾ?"

"ಪರೀಕ್ಷೆ ನನಗಲ್ಲಪ್ಪ, ಬರೆದವರಿಗೆ."

"ಹಾಗಾದ್ರೆ ಎಲ್ಲರನ್ನೂ ಪಾಸ್ ಮಾಡ್ಬಿಡಿ. ಪಾಪ, ನಿಮಗೇನು ಕೈಯಿಂದ ಹೋಗುತ್ತೆ?"

ನನಗೆ ತಿಳಿದಷ್ಟು ಬರೆಯುತ್ತೇನೆ. 'ಉಪ್ಪಿನ ಹಡಗು': ನಕ್ಷತ್ರಗಳ ನಡುವೆ ಉಪ್ಪು ಹೊತ್ತು ಹೊರಟ ಹಡಗು. ಯಾರಿಗೆ ಕೊಡಬೇಕೆಂದು ಹಡಗಿನ ಮೊಮ್ಮಕ್ಕಳಿಗೆ ಮರೆತುಹೋಗಿದೆ. ದೊಡ್ಡ ಕಥೆ. ಆದರೆ ಹಡಗಿನಲ್ಲಿ ಒಬ್ಬನಾದರೂ ನಗಬಾರದೇ? 'ಹೆಚ್ಚುವರಿ ಬುಧವಾರ': ಒಬ್ಬ ಗುಮಾಸ್ತನಿಗೆ ಒಂದೇ ವಾರದಲ್ಲಿ ಎರಡು ಬುಧವಾರ ಸಿಗುತ್ತವೆ. ಎರಡನೆಯದರಲ್ಲೂ ಆಫೀಸಿಗೇ ಹೋಗುತ್ತಾನೆ. ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. 'ನೆರಳಿಗೆ ಅಳತೆ': ನೆರಳು ಕಳೆದುಕೊಂಡವರಿಗೆ ಹೊಸ ನೆರಳು ಹೊಲಿದುಕೊಡುವ ದರ್ಜಿ. ಅವನು ಅಂಚು ಮಡಿಸಲು ಜಾಗವನ್ನೇ ಬಿಡದೆ ಕತ್ತರಿಸುತ್ತಾನೆ. ಒಂದು ಒಗೆತಕ್ಕೆ ಎಳೆ ಬಿಡುತ್ತದೆ. 'ಯಂತ್ರಕ್ಕೆ ಹಲ್ಲುನೋವು': ಹಲ್ಲೇ ಇಲ್ಲದ ಯಂತ್ರಮಾನವ ಹಲ್ಲುನೋವೆಂದು ಡಾಕ್ಟರ ಬಳಿ ಹೋಗುತ್ತದೆ. ಬಾಯಿ ತೆರೆ ಅಂದರೆ ಎದೆಯ ಬಾಗಿಲು ತೆರೆಯುತ್ತದೆ. ಹುಚ್ಚು ಕಥೆ. ಮನೆಯವಳಿಗೆ ಓದಿ ಹೇಳಿದೆ.

'ಸಂಜೆಯ ದನಿ': ಸತ್ತ ಮಗಳ ದನಿಯನ್ನು ಒಂದು ಕಂಪನಿ ಯಂತ್ರಕ್ಕೆ ತುಂಬಿ ದಿನಾ ಸಂಜೆ ತಾಯಿಗೆ ಫೋನ್ ಮಾಡಿಸುತ್ತದೆ. ಅದನ್ನೂ ಓದಿದೆ. ಭಾಷೆ ಚೆನ್ನಾಗಿದೆ.

ನಿಮ್ಮ ಸಾಲು ಮೊದಲು ಕಳಿಸಿ. ನೋಡಿ ನಾನು ಹೇಳುತ್ತೇನೆ.

ಮಾಸ್ಟರ್


ಮಾರ್ಚ್ 25

ಮಾಸ್ಟರ್ ಅವರಿಗೆ,

ಒಂದು ಸಣ್ಣ ಜಗಳದಿಂದ ಶುರು ಮಾಡುತ್ತೇನೆ. ನೀವು ಕಥೆ ಅಳೆಯುತ್ತಿದ್ದೀರೋ ಬಟ್ಟೆ ಅಳೆಯುತ್ತಿದ್ದೀರೋ? ಆ ದರ್ಜಿ ಅಂಚು ಬಿಡದೆ ಕತ್ತರಿಸುವುದು ಅವನಿಗೆ ತನ್ನ ನೆರಳೇ ಇಲ್ಲದ್ದರಿಂದ. ಎಲ್ಲಿ ಮುಗಿಯಬೇಕೆಂದು ಅವನಿಗೆ ಗೊತ್ತಾಗುವುದಿಲ್ಲ. ಮತ್ತೊಮ್ಮೆ ಓದಿ, ಕತ್ತರಿ ಕೆಳಗಿಟ್ಟು.

ಪಿಟೀಲಿನ ಜೊತೆ ಹೀಗೆಯೇ ಜಗಳ ಆಡುತ್ತಿದ್ದೆ. ಅಭ್ಯಾಸ ಬಲ. ತಪ್ಪಾಗಿದ್ದರೆ ಕ್ಷಮಿಸಿ.

ನನ್ನ ಸಾಲು ಹೀಗಿದೆ:

ಸಂಜೆಯ ದನಿ
ಯಂತ್ರಕ್ಕೆ ಹಲ್ಲುನೋವು
ಹೆಚ್ಚುವರಿ ಬುಧವಾರ
ನೆರಳಿಗೆ ಅಳತೆ
ಉಪ್ಪಿನ ಹಡಗು

ನಡುವಿನವು ಅತ್ತಿತ್ತ ಆಗಬಹುದು. ಮೇಲಿರುವುದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಕಾರಣ ಕೇಳಬೇಡಿ.

ಲ್ಯಾಬಿನಲ್ಲಿ ಈ ವಾರ ಮೂರು ಟ್ಯೂಬ್ ಒಡೆದೆ. "ಮನಸ್ಸೆಲ್ಲಿಟ್ಟಿದೀಯಮ್ಮ, ಮನೇಲಾ?" ಎಂದು ದೊಡ್ಡಕ್ಕ ಬೈದಳು. ಅವಳು ನಮ್ಮ ಲ್ಯಾಬಿನಲ್ಲಿ ಎಲ್ಲರಿಗಿಂತ ಹಳಬಳು. ಎಲ್ಲಿಟ್ಟಿದ್ದೇನೆಂದು ಅವಳಿಗೆ ಹೇಳಲಿಲ್ಲ.

ಸೂಜಿ


ಏಪ್ರಿಲ್ 1

ಸಹ ಓದುಗರಿಗೆ ನಮಸ್ಕಾರ.

ನಿಮ್ಮ ಸಾಲು ತಲುಪಿತು. ನೀವು ತಿಳಿದವರು, ಬಹಳ ಓದಿದವರು. ಆದರೂ ಹೇಳಲೇಬೇಕು. 'ಸಂಜೆಯ ದನಿ'ಯನ್ನು ನೀವಿಟ್ಟ ಜಾಗದಲ್ಲಿ ಇರಲು ನಾನು ಬಿಡಲಾರೆ. ಅದು ಇರಬೇಕಾದ್ದು ಸಾಲಿನ ಇನ್ನೊಂದು ತುದಿಯಲ್ಲಿ. ನನ್ನ ಮಗಳ ಹೆಸರಿರುವ ಪುಟದಲ್ಲಿ ಆ ಕಥೆಗೆ ಆ ಜಾಗ ಸಲ್ಲದು.

ಕಾರಣ ಕೇಳಬೇಡಿ ಎಂದು ನೀವು ಬರೆದಿದ್ದೀರಿ. ನನ್ನನ್ನೂ ಕೇಳಬೇಡಿ.

'ಯಂತ್ರಕ್ಕೆ ಹಲ್ಲುನೋವು' ಮೊದಲಿಗೆ ಬರಲಿ. ಉಳಿದ ಮೂರು ನಿಮ್ಮಿಷ್ಟ. ದರ್ಜಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ, ಮತ್ತೆ ಓದಿದೆ.

ನಿನ್ನೆ ಒಂದು ಥಾನು ಅಡ್ಡಡ್ಡ ಕತ್ತರಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಆಗಿರಲಿಲ್ಲ. ಯಜಮಾನರು ಬೈಯಲಿಲ್ಲ. ನನ್ನನ್ನು ಈಗ ಯಾರೂ ಬೈಯುವುದಿಲ್ಲ.

ಹುಡುಗಿಯ ತಂದೆ


ಏಪ್ರಿಲ್ 8

ಮಾಸ್ಟರ್,

ನಿಮ್ಮ ಪತ್ರವನ್ನು ಬಸ್ ನಿಲ್ದಾಣದಲ್ಲಿ ನಿಂತು ಓದಿದೆ. ಎರಡು ಬಸ್ ಹೋದವು.

ನೀವು ಹೇಳಿದ ಹಾಗೆಯೇ ಆಗಲಿ. 'ಸಂಜೆಯ ದನಿ' ಇನ್ನೊಂದು ತುದಿಗೆ. 'ಹಲ್ಲುನೋವು' ಮೊದಲಿಗೆ. ನನ್ನ ಹಟ ದೊಡ್ಡದಲ್ಲ. ನೀವು ಕಾರಣ ಹೇಳದಿದ್ದರೂ ನನಗೆ ಅರ್ಥವಾಯಿತು. ಆ ಕಥೆ ನಿಮಗೆ ಏನಾಗಿರಬಹುದೆಂದು ಯೋಚಿಸದೆ ಸಾಲು ಬರೆದದ್ದು ನನ್ನ ತಪ್ಪು.

ಫಾರಂ ತುಂಬಿ ಕಳಿಸುತ್ತೇನೆ. ಸಹಿ ಹಾಕಿದರೆ ಸಾಕು. ಊಟ ಸರಿಯಾಗಿ ಮಾಡಿ. ಉಪ್ಪು ಜಾಸ್ತಿಯಾದರೆ ಹೇಳಿ.

ಸೂಜಿ


ಏಪ್ರಿಲ್ 14

ಸೂಜಿಯಮ್ಮನಿಗೆ,

ದೊಡ್ಡ ಉಪಕಾರ ಮಾಡಿದಿರಿ. ಬಹಳ ದಿನದ ಮೇಲೆ ಇವತ್ತು ಕೆಲಸ ಮುಗಿಸಿ ನೇರ ಮನೆಗೆ ಬಂದೆ. ಇಲ್ಲದಿದ್ದರೆ ಮೂರು ಬೀದಿ ಸುತ್ತಿಕೊಂಡು, ಬೀಗ ರಿಪೇರಿಯವನ ಅಂಗಡಿಯ ಮುಂದೆ ಸುಮ್ಮನೆ ನಿಂತು, ಕತ್ತಲಾದ ಮೇಲೆ ಬರುತ್ತಿದ್ದೆ. ನನ್ನ ಮಗಳಿಗೆ ನಿಮ್ಮಂಥ ಸ್ನೇಹಿತೆ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ. ಕೇಳಬೇಕಿತ್ತು.

ಫಾರಂಗಾಗಿ ಕಾಯುತ್ತಿರುತ್ತೇನೆ.

ಮಾಸ್ಟರ್


ಏಪ್ರಿಲ್ 19

ಫಾರಂ ಬಂತು.

ಸಹಿ ಹಾಕಲು ಪೆನ್ನು ತೆಗೆದಿದ್ದೆ. ಮನೆಯವಳು ಅಡುಗೆಮನೆಯಿಂದ, "ಓದದೇ ಹಾಕ್ತೀರಾ? ವಿಮೆ ಕಾಗದಕ್ಕೂ ಹೀಗೇ ಹಾಕಿದ್ರಿ" ಅಂದಳು. ಓದಿದೆ. 'ಸಂಜೆಯ ದನಿ'ಯ ಮುಂದೆ ಒಂದು ಎಂದು ಬರೆದಿದ್ದೀರಿ. 'ಯಂತ್ರಕ್ಕೆ ಹಲ್ಲುನೋವು' ಮುಂದೆ ಐದು.

ಏನು ತಾಯಿ ಇದು? ನಾನು ಹಳ್ಳಿಗನೂ ಅಲ್ಲ, ಕುರುಡನೂ ಅಲ್ಲ. ಒಪ್ಪಿದೆ ಎಂದು ಬೆಣ್ಣೆಯಂಥ ಮಾತಿನಲ್ಲಿ ಬರೆದು, ಕೊನೆಗೆ ನಿಮಗೆ ಬೇಕಾದ ಹಾಗೆ ಸಾಲು ಕಳಿಸಿ, ಮುದುಕ ನೋಡದೆ ಸಹಿ ಹಾಕುತ್ತಾನೆ ಅಂದುಕೊಂಡಿರಾ? ಫೋನ್ ಮಾಡಲು ಹೊರಟೆ. ಅರ್ಧ ನಂಬರಿಗೆ ಬಿಟ್ಟೆ. ನನ್ನ ದನಿ ಜೋರಾಗುತ್ತಿತ್ತು.

ನಾನು ಕಾರಣ ಹೇಳಿರಲಿಲ್ಲ. ಈಗ ಕೇಳಿ. ಯಂತ್ರದ ಕಥೆ ಓದಿ ಹೇಳುವಾಗ, ಡಾಕ್ಟರು ಅದರ ಎದೆಯೊಳಗೆ ಕೈ ಹಾಕಿ ಒಂದು ಚಮಚ ಹೊರಗೆ ತೆಗೆಯುತ್ತಾನಲ್ಲ, ಅಲ್ಲಿ ಮನೆಯವಳು ನಕ್ಕಳು. ನವೆಂಬರಿನಿಂದ ಈಚೆಗೆ ಮೊದಲ ಸಲ. ನಕ್ಕು, ತಪ್ಪು ಮಾಡಿದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಕಥೆ ಮೊದಲಿಗೆ ಬರಬೇಕು ಅಂದದ್ದು ಅದಕ್ಕೆ. ನೀವು ಅದನ್ನು ಕಸದ ಜಾಗಕ್ಕೆ ಹಾಕಿದ್ದೀರಿ.

ಸತ್ತವಳ ದನಿ ಮಾರುವ ಕಥೆಯನ್ನು ತಲೆಯ ಮೇಲೆ ಹೊತ್ತಿದ್ದೀರಿ, ಅದೂ ನನ್ನ ಮಗಳ ಹೆಸರಿನಲ್ಲಿ. ಈ ಫಾರಂಗೆ ನಾನು ಸಹಿ ಹಾಕುವುದಿಲ್ಲ.


ಏಪ್ರಿಲ್ 24

ಮಾಸ್ಟರ್,

ದಯವಿಟ್ಟು ಪೂರ್ತಿ ಓದಿ. ಆಮೇಲೆ ಏನು ಬೇಕಾದರೂ ಬೈಯಿರಿ.

ನಾವಿಬ್ಬರೂ ಸಾಲನ್ನು ಯಾವಾಗಲೂ ಕೆಳಗಿನಿಂದ ಬರೆಯುತ್ತಿದ್ದೆವು. ಎಲ್ಲಕ್ಕಿಂತ ಬೇಡದ್ದು ಮೊದಲು, ಎಲ್ಲಕ್ಕಿಂತ ಒಳ್ಳೆಯದು ಕೊನೆಗೆ. ಪಿಟೀಲು ಶುರು ಮಾಡಿದ ಪದ್ಧತಿ. "ಹೋಗೋರನ್ನ ಮೊದ್ಲು ಬಾಗಿಲ ತನಕ ಬಿಟ್ಟು ಬರೋಣ, ಆಮೇಲೆ ಇರೋರ ಜೊತೆ ಆರಾಮಾಗಿ ಕೂತ್ಕೋಬಹುದು" ಎನ್ನುತ್ತಿದ್ದಳು. ಫಾರಂ ತುಂಬುವಾಗ ನಾನು ತಿರುಗಿಸಿ ನಂಬರ್ ಹಾಕುತ್ತಿದ್ದೆ. ನಿಮಗೆ ಇದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿಮಗೆ ಬರೆಯುವಾಗ ನಾನು ಅವಳಿಗೇ ಬರೆಯುತ್ತಿದ್ದೆ ಅಂತ ಕಾಣುತ್ತದೆ.

ಹಾಗಾಗಿ ನನ್ನ ಸಾಲಿನಲ್ಲಿ 'ಸಂಜೆಯ ದನಿ' ಎಲ್ಲಕ್ಕಿಂತ ಕೆಳಗಿತ್ತು. ಇನ್ನೊಂದು ತುದಿಗೆ ಹಾಕಿ ಅಂತ ನೀವು ಬರೆದಾಗ, ಅದನ್ನು ಎಲ್ಲಕ್ಕಿಂತ ಮೇಲೆ ಇಡಿ ಅನ್ನುತ್ತಿದ್ದೀರಿ ಎಂದುಕೊಂಡೆ. ಮಗಳನ್ನು ಕಳೆದುಕೊಂಡ ತಂದೆಗೆ ಆ ಕಥೆ ಬೇಕಾಗಿದೆ, ನಾನು ಯಾರು ಬೇಡ ಅನ್ನಲು ಅಂತ. 'ಹಲ್ಲುನೋವು' ಮೊದಲಿಗೆ ಅಂದಾಗ ಅದು ನಿಮಗೆ ಹಿಡಿಸಿಲ್ಲ ಎಂದೇ ತಿಳಿದೆ. ಹುಚ್ಚು ಕಥೆ ಅಂತ ನೀವೇ ಬರೆದಿದ್ದಿರಿ. ಅಮ್ಮ ನಕ್ಕದ್ದನ್ನು ಬರೆದಿರಲಿಲ್ಲ.

ನಾನೂ ಒಂದನ್ನು ಬರೆದಿರಲಿಲ್ಲ. 'ಸಂಜೆಯ ದನಿ' ಆಗಸ್ಟಿನ ಸಂಚಿಕೆಯಲ್ಲಿ ಬಂದಾಗ ಪಿಟೀಲು ಓದಿ ನನಗೆ ಫೋನ್ ಮಾಡಿದ್ದಳು. ಆಗ ನಾವು ಜೋಡಿಯಾಗಿ ಕೂತಿರಲಿಲ್ಲವಲ್ಲ, ಫೋನಿಗೆ ಅಡ್ಡಿಯಿರಲಿಲ್ಲ. "ಈ ವರ್ಷ ಇದಕ್ಕೇ ಕಣೇ ಬಹುಮಾನ. ಬೇರೆ ಯಾವುದು ಬಂದ್ರೂ ನಾನು ಇದನ್ನೇ ಮೇಲಿಡೋದು. ನೀನು ಕಿತ್ತಾಡಿದ್ರೂ ಅಷ್ಟೇ" ಅಂದಳು. ಅಷ್ಟು ಗೊತ್ತಿದ್ದೂ ನಾನು ಅದನ್ನು ಕೆಳಗೆ ತಳ್ಳಿದೆ. ಕಥೆ ಕೆಟ್ಟದ್ದು ಅಂತಲ್ಲ. ಆ ತಾಯಿ ಫೋನ್ ಎತ್ತುವಾಗಲೆಲ್ಲ ನನ್ನ ಕೈ ನನ್ನ ಫೋನಿಗೆ ಹೋಗುತ್ತಿತ್ತು. ಅದಕ್ಕೆ. ಪತ್ರಿಕೆಯಲ್ಲಿ ಅದನ್ನು ಮೊದಲನೆಯದಾಗಿ ನೋಡಲು ನನಗೆ ಧೈರ್ಯವಿರಲಿಲ್ಲ. ನಿಮ್ಮನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಕಾಪಾಡಿಕೊಂಡದ್ದು ನನ್ನನ್ನೇ.

ಸಂಪಾದಕರಿಂದ ಖಾಲಿ ಫಾರಂ ತರಿಸಿ ಇದರ ಜೊತೆ ಇಟ್ಟಿದ್ದೇನೆ. ನನ್ನ ಸಹಿ ಹಾಕಿದ್ದೇನೆ. ಅವಳು ಯಾವುದನ್ನು ಮೇಲಿಡುತ್ತಿದ್ದಳೆಂದು ಈಗ ನಿಮಗೆ ಗೊತ್ತು. ನಿಮ್ಮದೂ ಗೊತ್ತು. ಹೇಗೆ ತುಂಬಿದರೂ ಸರಿ, ತುಂಬಿ ನೇರ ಪತ್ರಿಕೆಗೇ ಕಳಿಸಿ. ಸಮಯ ಉಳಿದಿಲ್ಲ.

ಸೂಜಿ


ಏಪ್ರಿಲ್ 30

ಸೂಜಿ ಮಗಳೇ,

ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಇನ್ನು ಮೇಲೆ ಏಕವಚನದಲ್ಲೇ ಬರೆಯುತ್ತೇನೆ.

ನಿನ್ನ ಪತ್ರ ಬಂದ ದಿನ ಮನೆಯೊಳಗೆ ಗೋಡೆಯಿಂದ ಗೋಡೆಗೆ ನಡೆದೆ. ಮನೆಯವಳು, "ಒಂದ್ ಕಡೆ ಕೂತ್ಕೊಳ್ರಿ, ನೆಲ ಸವೆಯುತ್ತೆ" ಅಂದಳು. ಕೂತು ಅವಳಿಗೆ ಎಲ್ಲ ಹೇಳಿದೆ. ಮಗಳು ಫೋನಿನಲ್ಲಿ ಹೇಳಿದ್ದನ್ನೂ ಹೇಳಿದೆ. ಅವಳು ಕೈ ಒರೆಸಿಕೊಂಡು ಬಂದು, "ಆ ಕಥೆ ಓದಿ. ನನಗೂ ಕೇಳ್ಬೇಕು" ಅಂದಳು.

ಓದಿದೆ ಎಂದು ನಿನಗೆ ಬರೆದಿದ್ದೆನಲ್ಲ, ನಾನು ಓದಿದ್ದು ಎರಡೇ ಪುಟ. ತಾಯಿ ಮೊದಲ ಸಲ ಫೋನ್ ಎತ್ತುವವರೆಗೆ. ಅಷ್ಟಕ್ಕೇ ಅದನ್ನು ಕಟ್ಟಿನ ಅಡಿಗೆ ಹಾಕಿದ್ದೆ. ಈ ಸಲ ಗಟ್ಟಿಯಾಗಿ ಓದಿದೆ. ನಡುವೆ ಎರಡು ಸಲ ನಿಲ್ಲಿಸಿದೆ. ನೀರು ಕುಡಿಯಬೇಕು ಅಂದೆ. "ಕುಡಿದು ಓದಿ" ಅಂದಳು.

ಅದು ನಾನು ಅಂದುಕೊಂಡ ಕಥೆಯಲ್ಲ. ಒಂದು ಸಂಜೆ ಆ ತಾಯಿ ಕೇಳುತ್ತಾಳಲ್ಲ, ನಿನಗೆ ನನ್ನ ಮೇಲೆ ಎಂದಾದರೂ ಸಿಟ್ಟು ಬಂದಿತ್ತಾ ಅಂತ. ಯಂತ್ರ ಮಗಳ ಸಿಹಿ ದನಿಯಲ್ಲಿ, ಇಲ್ಲಮ್ಮ, ಯಾವತ್ತೂ ಇಲ್ಲ ಅನ್ನುತ್ತದೆ. ತಾಯಿ ಫೋನ್ ಕೆಳಗಿಡುತ್ತಾಳೆ. ಮತ್ತೆ ಎತ್ತುವುದಿಲ್ಲ. ಇದು ನನ್ನ ಮಗಳಲ್ಲ, ನನ್ನ ಮಗಳಾಗಿದ್ದರೆ ಹೌದು ಅನ್ನುತ್ತಿದ್ದಳು ಅಂತ.

ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿಟ್ಟೆ. ಆಮೇಲೆ ನನಗೆ ಒಂದು ವಿಷಯ ಹೊಳೆಯಿತು. ಅವಳ ಹೆಸರಿನ ಕೆಳಗೆ ನಾನು ಏನು ಬರೆದರೂ, ಅವಳು ಹೇಳಿದ್ದನ್ನೇ ಬರೆದರೂ, ನಾನು ಮಾಡುತ್ತಿರುವುದು ಆ ಕಂಪನಿಯ ಕೆಲಸವೇ. ಅವಳ ದನಿಯಲ್ಲಿ ನಾನು ಮಾತಾಡಿದಂತೆ. ಈ ಸಾಲು ನಾನು ಓದಿ ಹಚ್ಚಿದ್ದು. ಅವಳು ಓದಿದ್ದು ಐದರಲ್ಲಿ ಎಷ್ಟೋ, ನನಗೆ ಗೊತ್ತಿಲ್ಲ. ಹೆಸರು ಅವಳದಾಗಬಾರದು. ಸಂಪಾದಕರಿಗೆ ಹಾಗೆಯೇ ಬರೆದು, ಫಾರಂನಲ್ಲಿ ನನ್ನ ಹೆಸರು ಹಾಕಿದೆ. ಹೆಸರು ಗೆರೆಯ ಆಚೆಗೆ ಹೋಯಿತು. ಆದರೂ ಅಕ್ಷರ ಅವಳದಕ್ಕಿಂತ ಚೆನ್ನಾಗಿಯೇ ಇದೆ.

ನನ್ನ ಹೆಸರು ಅಂದಮೇಲೆ ನನ್ನ ಸಾಲು. 'ಯಂತ್ರಕ್ಕೆ ಹಲ್ಲುನೋವು' ಒಂದು. 'ಸಂಜೆಯ ದನಿ' ಎರಡು. ದರ್ಜಿ ಮೂರು, ನಿನಗೋಸ್ಕರ. ಉಪ್ಪು ನಾಲ್ಕು. ಆ ಗುಮಾಸ್ತ ಐದು. ಅವನನ್ನು ನಾನು ಕ್ಷಮಿಸುವುದಿಲ್ಲ.

ಮನೆಯವಳು ಹಿಂದೆಯೇ ನಿಂತು ನೋಡುತ್ತಿದ್ದಳು.

"ಏನ್ರೀ ಇದು? ಮಗಳು ಮೊದಲನೇದು ಅಂದಿದಾಳೆ. ನೀವು ಎರಡು ಹಾಕಿದೀರಾ."

"ಅವಳಿಗೆ ಅದು ಮೊದಲು. ನನಗೆ ಇದು ಮೊದಲು."

"ಯಾಕೆ? ನಾನು ನಕ್ಕೆ ಅಂತಾನಾ? ನಗು ಬಂತು, ನಕ್ಕೆ. ಅದಕ್ಕೆಲ್ಲ ಯಾರಾದ್ರೂ ಬಹುಮಾನ ಕೊಡ್ತಾರಾ?"

"ಕೊಡ್ತೀನಿ."

"ನಿಮಗೆ ಕಥೆ ಗೊತ್ತಾಗಲ್ಲ ಕಣ್ರೀ. ಅವಳು ಸುಮ್ನೆ ಹೇಳ್ತಿರಲಿಲ್ಲ, ನಮ್ಮ ಮಾಸ್ಟರ್‌ಗೆ ಚಡ್ಡಿ ಷರಟು ಬಿಟ್ರೆ ಇನ್ನೇನೂ ತಲೆಗೆ ಹತ್ತಲ್ಲ ಅಂತ."

"ಹಾಗಂತಿದ್ಲಾ?"

"ಅಂತಿದ್ಲು. ನಾನೂ ಹೌದು ಅಂತಿದ್ದೆ."

ನನ್ನ ದನಿ ಜೋರಾಯಿತು. ಅವಳದೂ ಜೋರಾಯಿತು. ಪಕ್ಕದ ಮನೆಯವರು ಕಿಟಕಿ ತೆರೆದರು. ನಾನು ಫಾರಂ ಲಕೋಟೆಗೆ ಹಾಕಿ ಅಂಟಿಸಿ, ಅಂಚೆಗೆ ಹಾಕಿಯೇ ಬಂದೆ. ಅಲ್ಲಿಂದ ನೇರ ಮನೆಗೇ ಬಂದೆ. ಬಾಗಿಲು ತೆಗೆದಳು, ತಟ್ಟೆ ಹಾಕಿದಳು. "ಉಪ್ಪು ಜಾಸ್ತಿ" ಅಂದೆ. "ತಿನ್ನೋದಾದ್ರೆ ತಿನ್ನಿ" ಅಂದಳು.

ಅವಳಿದ್ದಾಗಲೂ ಹೀಗೆಯೇ ಇತ್ತು. ತಾಯಿ ಮಗಳು ಒಂದು ಕಡೆ, ನಾನೊಬ್ಬ ಒಂದು ಕಡೆ. ತೀರ್ಮಾನ ಆಗಿಹೋಗಿದೆ, ಇನ್ನು ಫೋನ್ ಮಾಡಲು ಅಡ್ಡಿಯಿಲ್ಲ. ಆದರೂ ಪತ್ರದಲ್ಲೇ ಬರೆ. ನೀನು ಯಾರ ಕಡೆ ಅನ್ನುವುದನ್ನು ಇವಳಿಗೆ ತೋರಿಸಬೇಕು.

ಮಾಸ್ಟರ್